ಹತ್ತುವುದು, ಇಳಿಯುವುದು: ಚಕ್ಕಡಿಯಿಂದ ತಗ್ಗು ಕಾರಿನವರೆಗೆ



ಕಳೆದ ದೀಪಾವಳಿಯ ಪಾಡ್ಯದ ಮರುದಿನ ಬೆಟಗೇರಿಯ ನಮ್ಮ ಮನೆಯ ಮುಂದೆ ಒಂದು ಕೆಂಪು ಕಾರು ಬಂದು ನಿಂತಿತು. ಎರಡೇ ಆಸನಗಳ, ನೆಲಕ್ಕೆ ಅಂಟಿಕೊಂಡಂತಿದ್ದ ಕಾರು. ಅದರ ಮಾಡು ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಓಣಿಯ ಹುಡುಗರೆಲ್ಲ ಪಟಾಕಿಯನ್ನು ಬಿಟ್ಟು ಅದರ ಸುತ್ತ ನೆರೆದರು. ಒಳಗಿನಿಂದ ಇಳಿದವನು ನನ್ನ ಹಳೆಯ ವಿದ್ಯಾರ್ಥಿ. ಶಿರಹಟ್ಟಿಯಲ್ಲಿ ನಾನು ಶಿಕ್ಷಕನಾಗಿದ್ದಾಗ ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಇತಿಹಾಸದ ಪುಸ್ತಕದ ಅಂಚಿನಲ್ಲೆಲ್ಲ ಮೋಟಾರಿನ ಚಿತ್ರ ಬರೆಯುತ್ತಿದ್ದವನು. ಈಗ ಬೆಂಗಳೂರಿನಲ್ಲಿ ದೊಡ್ಡ ಉದ್ಯೋಗದಲ್ಲಿದ್ದಾನೆ. ಕಾಲಿಗೆ ನಮಸ್ಕರಿಸಿ, “ಸರ, ಒಂದ್ ಸುತ್ತು ಹೋಗಿ ಬರೋಣ ಬರ್ರಿ. ವೀರನಾರಾಯಣನ ದರ್ಶನಾ ಮಾಡಿಸ್ಕೊಂಡು ಬರ್ತೀನಿ” ಎಂದನು. ಪ್ರೀತಿಯಿಂದ ಕರೆದಾಗ ಒಲ್ಲೆನೆನ್ನಲು ಮನಸ್ಸು ಬರಲಿಲ್ಲ.

ಐವತ್ತು ವರ್ಷ ಬಸ್ಸು ಹತ್ತಿದ ಕಾಲಿಗೆ ಗೊತ್ತಿರುವುದು ಒಂದೇ ಪಾಠ: ಮೊದಲು ಕಾಲು, ಆಮೇಲೆ ದೇಹ. ನಾನು ಹಾಗೆಯೇ ಒಂದು ಕಾಲನ್ನು ಒಳಗಿಟ್ಟೆನು. ತಲೆ ಮಾಡಿಗೆ ಬಡಿಯಿತು. ಇನ್ನೊಂದು ಕಾಲು ರಸ್ತೆಯ ಮೇಲೆಯೇ ಉಳಿಯಿತು. ಮಡಚಿದ ಮೊಣಕಾಲು ದೇಹದ ಭಾರವನ್ನು ತಾಳದೆ, ಬಾವಿಗೆ ಬಿಟ್ಟ ಕೊಡದಂತೆ ಆಸನದೊಳಗೆ ಧೊಪ್ಪನೆ ಬಿದ್ದೆನು. ಟೊಪ್ಪಿಗೆ ಹೊರಗೆ ಬಿತ್ತು. ಧೋತರದ ಅಂಚನ್ನು ಒಳಗೆ ಎಳೆದುಕೊಂಡು ಬಾಗಿಲು ಮುಚ್ಚುವಷ್ಟರಲ್ಲಿ ಬೆವರು ಬಂದಿತ್ತು.

ಗದಗಿನ ಗುಡಿಯ ಮುಂದೆ ಇಳಿಯುವುದು ಇನ್ನೂ ಕಷ್ಟವಾಯಿತು. ಒಂದು ಕಾಲನ್ನು ಹೊರಗಿಟ್ಟರೆ ಇನ್ನೊಂದು ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಬಾಗಿಲನ್ನು ಹಿಡಿದು ಏಳಲು ನೋಡಿದರೆ ಬಾಗಿಲೇ ಓಲಾಡುತ್ತಿತ್ತು. ಹುಡುಗನು ಓಡಿಬಂದು ಎರಡೂ ಕೈ ಹಿಡಿದು ಜಗ್ಗಿದನು, ಭುಜ ಚುರ್ರೆಂದಿತು. ಹೂವು ಮಾರುವ ಹೆಣ್ಣುಮಗಳೊಬ್ಬಳು, “ತಮ್ಮಾ, ಅಜ್ಜಾರ್ನ ಹಂಗ ಜಗ್ಗಬ್ಯಾಡೋ” ಎಂದಳು. ನಾಲ್ಕು ಜನ ನಕ್ಕರು. ನಾನೂ ನಕ್ಕೆನು. ಆದರೆ ಆ ನಗೆ ಗಂಟಲಿನಿಂದ ಕೆಳಗಿಳಿಯಲಿಲ್ಲ. ವೀರನಾರಾಯಣನ ಎದುರಿಗೆ ಕೈಮುಗಿದು ನಿಂತಾಗ, ಕಣ್ಣ ಮುಂದೆ ಬಂದವಳು ತೀರಿಹೋಗಿ ಎಷ್ಟೋ ವರ್ಷಗಳಾದ ನನ್ನ ತಾಯಿ.

ಅವ್ವನ ತವರು ಲಕ್ಷ್ಮೇಶ್ವರ. ನಮ್ಮ ಕಡೆ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬವೆಂಬುದು ನಿಮಗೆಲ್ಲ ತಿಳಿದದ್ದೇ. ಅಣ್ಣ ಕರೆಯಲು ಬರಬೇಕು, ಅವಳು ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ನಾನು ಸಣ್ಣವನಿದ್ದಾಗ, ಅಂದರೆ 1950ರ ದಶಕದಲ್ಲಿ, ಸೋದರಮಾವನು ಕಮಾನು ಕಟ್ಟಿದ ಸವಾರಿ ಚಕ್ಕಡಿಯನ್ನು ಹೂಡಿಕೊಂಡು ಬರುತ್ತಿದ್ದನು. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ನಸುಕಿನಲ್ಲಿ ಹೊರಟರೆ ಮುಳಗುಂದದಲ್ಲಿ ಬುತ್ತಿ ಬಿಚ್ಚಿ, ಎತ್ತುಗಳಿಗೆ ನೀರು ಕುಡಿಸಿ, ದೀಪ ಹಚ್ಚುವ ಹೊತ್ತಿಗೆ ಊರು ಸೇರುತ್ತಿದ್ದೆವು.

ಆ ಚಕ್ಕಡಿಯನ್ನು ಅವ್ವ ಹತ್ತುತ್ತಿದ್ದ ರೀತಿಯನ್ನು ನಾನು ನೂರು ಸಲ ನೋಡಿದ್ದೇನೆ, ಆದರೆ ಒಂದು ಸಲವೂ ಗಮನಿಸಿರಲಿಲ್ಲ. ಮಾವನು ಚಕ್ಕಡಿಯ ಹಿಂಬದಿಯನ್ನು ನಮ್ಮ ಮನೆಯ ಕಟ್ಟೆಗೆ ಹಚ್ಚಿ ನಿಲ್ಲಿಸುತ್ತಿದ್ದನು. ಕಟ್ಟೆಯ ಎತ್ತರವೂ ಚಕ್ಕಡಿಯ ಹಾಸಿನ ಎತ್ತರವೂ ಹೆಚ್ಚುಕಡಿಮೆ ಒಂದೇ. ಎರಡು ಗಾಲಿಯ ಬಂಡಿಯಾದ್ದರಿಂದ ಹಿಂದೆ ಭಾರ ಬಿದ್ದರೆ ನೊಗ ಮೇಲೇಳುತ್ತದೆ. ಅದಕ್ಕಾಗಿ ಅವನು ಮೂಕಿಯ ಮೇಲೆ ಕುಳಿತು ತೂಕ ಹಿಡಿಯುತ್ತಿದ್ದನು. ದಾರಿಯಲ್ಲಿ, ಕಟ್ಟೆಯಿಲ್ಲದ ಕಡೆ, ಅವ್ವ ಚಕ್ಕಡಿಗೆ ಬೆನ್ನು ಮಾಡಿ ನಿಲ್ಲುವಳು. ಕೆಳಗೊಂದು ಕಲ್ಲನ್ನೋ ಮಣೆಯನ್ನೋ ಇಡುತ್ತಿದ್ದರು. ಅದರ ಮೇಲೆ ನಿಂತು, ಎರಡೂ ಅಂಗೈಗಳನ್ನು ಹಿಂದೆ ಊರಿ, ಹಾಸಿನ ಅಂಚಿನ ಮೇಲೆ ಮೊದಲು ಕುಳಿತುಬಿಡುವಳು. ಆಮೇಲೆ ಇಳಕಲ್ ಸೀರೆಯ ನಿರಿಗೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಎರಡೂ ಕಾಲುಗಳನ್ನು ಕೂಡಿಸಿ ಒಂದೇ ಸಲಕ್ಕೆ ಒಳಗೆ ತಿರುಗಿಸಿಕೊಳ್ಳುವಳು. ಇಳಿಯುವಾಗ ಇದೇ ಕ್ರಮ ತಿರುವುಮುರುವಾಗಿ. ಅವಸರವಿಲ್ಲ, ಯಾರ ಕೈಯೂ ಬೇಡ, ಸೆರಗು ಜಾರುವ ಮಾತಿಲ್ಲ.

ಗದಗ ಸ್ಟೇಶನ್ನಿನ ಮುಂದೆ ನಿಲ್ಲುತ್ತಿದ್ದ ಟಾಂಗಾಗಳಲ್ಲಿಯೂ ಹಿಂದಿನ ಆಸನ ರಸ್ತೆಗೆ ಮುಖ ಮಾಡಿರುತ್ತಿತ್ತು. ಕಾಲಿಡಲು ಒಂದು ಪಟ್ಟಿ, ಬೆನ್ನು ತಿರುಗಿಸಿದರೆ ಆಸನ. ರೈಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಹೋಟಗಿಯ ಕಡೆಯಿಂದ ಗದಗಿಗೆ ಬಂದದ್ದು 1884ರಲ್ಲಿ. ಅದುವರೆಗೆ ನಮ್ಮ ಸೀಮೆಯ ಅರಳೆ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ಮನೆಯ ಕಟ್ಟೆಯ ಉಪಾಯವನ್ನೇ ರೈಲಿನವರು ದೊಡ್ಡದು ಮಾಡಿ, ಗಾಡಿಯ ಕಡೆಗೆ ನೆಲವನ್ನು ಎತ್ತರಿಸಿ, ಅದಕ್ಕೆ ಪ್ಲಾಟ್‌ಫಾರ್ಮ್ ಎಂದರು. ಹತ್ತುವವರ ಸೊಂಟ, ಮೊಣಕಾಲುಗಳ ಲೆಕ್ಕ ಅಲ್ಲಿ ಅಷ್ಟಾದರೂ ಇತ್ತು.

ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಆಗ ರೈಲಿರಲಿಲ್ಲ. ರಾಜ್ಯವೂ ಒಂದಾಗಿರಲಿಲ್ಲ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರ ನವೆಂಬರ್ 1ರಂದು ನಾವೆಲ್ಲರೂ ಮುಂಬಯಿ ರಾಜ್ಯದಿಂದ ವಿಶಾಲ ಮೈಸೂರು ರಾಜ್ಯಕ್ಕೆ ಬಂದೆವು. ಗದಗ ತಾನೇ ಜಿಲ್ಲೆಯಾದದ್ದು 1997ರಲ್ಲಿ. ಈ ಊರುಗಳನ್ನು ದಿನನಿತ್ಯದ ಬಾಳಿನಲ್ಲಿ ನಿಜವಾಗಿ ಒಂದುಗೂಡಿಸಿದ್ದು ಬಸ್ಸು. ನಾನು ಶಿಕ್ಷಕನಾದದ್ದು, ಮುಂಡರಗಿಗೂ ಶಿರಹಟ್ಟಿಗೂ ವರ್ಗವಾಗಿ ಹೋದದ್ದು, ನಿಮ್ಮೆಲ್ಲರ ಪರಿಚಯವಾದದ್ದು, ಎಲ್ಲವೂ ಬಸ್ಸಿನ ಪುಣ್ಯದಿಂದ. ಅದರ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಬಸ್ಸಿಗೆ ಒಂದು ಜನ್ಮದೋಷವಿತ್ತು. ನಮ್ಮ ದೇಶದಲ್ಲಿ ಬಹುಕಾಲ ಬಸ್ಸನ್ನು ಲಾರಿಯ ಅಡಿಗಟ್ಟಿನ ಮೇಲೆಯೇ ಕಟ್ಟುತ್ತಿದ್ದರು. ಮೂಟೆ ಹೊರಲು ಮಾಡಿದ ಅಡಿಗಟ್ಟು. ಕೆಳಗೆ ದೊಡ್ಡ ಗಾಲಿ, ದಪ್ಪ ಪಟ್ಟಿ ಸ್ಪ್ರಿಂಗು. ತಗ್ಗುದಿನ್ನೆಯ ರಸ್ತೆಗೆ ಅದು ಬೇಕಾಗಿಯೂ ಇತ್ತು. ಹೀಗಾಗಿ ಬಸ್ಸಿನ ನೆಲ ಮೇಲೇರಿತು, ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕೆ ನಿಂತಿತು. ಮೂಟೆಗೆ ಮೊಣಕಾಲಿಲ್ಲ, ಮನುಷ್ಯರಿಗೆ ಇದೆ ಎಂಬುದನ್ನು ಯಾರೂ ಯೋಚಿಸಿದಂತೆ ಕಾಣಲಿಲ್ಲ. ಬಾಗಿಲು ಕಿರಿದು, ಹಿಂದಿನಿಂದ ಜನ ನೂಕುತ್ತಾರೆ. ಅಲ್ಲಿ ಬೆನ್ನು ತಿರುಗಿಸಿ ಕುಳಿತು ಹತ್ತುವಂತಿಲ್ಲ. ಕಾಲನ್ನೇ ಮುಂದಿಡಬೇಕು, ಒಂದೇ ಮೊಣಕಾಲಿನ ಮೇಲೆ ಇಡೀ ದೇಹವನ್ನು ಎತ್ತಬೇಕು. ಚಕ್ಕಡಿ ಕಲಿಸಿದ್ದ ವಿದ್ಯೆಯನ್ನು ನಾವು ಮರೆತದ್ದು ಹೀಗೆ.

1984ರ ಪಂಚಮಿ. ಅವ್ವನಿಗೆ ಅರವತ್ತು ದಾಟಿತ್ತು. ಮಾವನಿಗೆ ಚಕ್ಕಡಿ ಹೂಡುವ ವಯಸ್ಸು ಮುಗಿದಿತ್ತು. ನಾನೇ ಅವಳನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೊರಟೆನು. ನಿಲ್ದಾಣದಲ್ಲಿ ಹಬ್ಬದ ಗದ್ದಲ. ಅವಳು ಮೆಟ್ಟಿಲಿನ ಮೇಲೆ ಕಾಲಿಟ್ಟಳು, ಆದರೆ ಏಳಲಾಗಲಿಲ್ಲ. ಇನ್ನೊಮ್ಮೆ ಯತ್ನಿಸಿದಳು. ಹಿಂದಿನಿಂದ ಯಾರೋ ಕೂಗಿದರು. ನಾನು ಅವಳ ಹಿಂದೆಯೇ ನಿಂತು, “ಲಗೂ ಹತ್ತಬೇ ಯವ್ವಾ, ಮಂದಿ ನಿಂತಾರ” ಎಂದು ಗದರಿಸಿದೆನು. ಕೊನೆಗೆ ಅವಳು ಎರಡೂ ಕೈಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ಅಂಬೆಗಾಲಿಡುವ ಕೂಸಿನಂತೆ ಮೊಣಕಾಲಿನ ಮೇಲೆ ಬಸ್ಸಿನೊಳಗೆ ಹೋದಳು. ಸೀರೆ ಮೇಲೇರಿತ್ತು. ಕೆಲವರು ನಕ್ಕರು. ನಾನು ಮುಖವನ್ನು ಬೇರೆ ಕಡೆ ತಿರುಗಿಸಿದೆನು.

ದಾರಿಯುದ್ದಕ್ಕೂ ಅವಳು ಮಾತನಾಡಲಿಲ್ಲ. ಮರುವರ್ಷ ಪಂಚಮಿ ಬಂದಾಗ, “ನಾ ಒಲ್ಲೆ. ನನಗ ಪ್ರವಾಸ ಆಗಿಬರೂದಿಲ್ಲ” ಎಂದಳು. ಅದರ ಮುಂದಿನ ವರ್ಷವೂ ಅದೇ ಮಾತು. ಮುದುಕರ ಹಟ ಎಂದು ಮನೆಯವರೆಲ್ಲ ಸುಮ್ಮನಾದೆವು. ಅವಳು ಮತ್ತೆ ತವರಿಗೆ ಹೋಗಲಿಲ್ಲ. ಅಣ್ಣ ತಂಗಿ ಪಂಚಮಿಯ ಹಬ್ಬದಲ್ಲಿ ಕೂಡಿ ಕುಳಿತು ಉಂಡದ್ದು ಅದೇ ಕೊನೆ.

ತಮಾಷೆಯೆಂದರೆ, ಅದೇ ಕಾಲಕ್ಕೆ ದೇಶದಲ್ಲಿ ಕಾರುಗಳ ಎತ್ತರ ಬದಲಾಗುತ್ತಿತ್ತು. ಅದುವರೆಗೆ ಮದುವೆಗೋ ಆಸ್ಪತ್ರೆಗೋ ಬೇಕಾದರೆ ಬರುತ್ತಿದ್ದದ್ದು ಬಾಡಿಗೆಯ ಅಂಬಾಸಿಡರ್. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಆ ಕಾರಿನ ಎತ್ತರ ಸುಮಾರು 1.6 ಮೀಟರು, ಆಸನ ಮನೆಯ ಕುರ್ಚಿಯಂತೆ. ರುಮಾಲು ಸುತ್ತಿದ ಹಿರಿಯರು ರುಮಾಲನ್ನು ತೆಗೆಯದೆ ಕುಳಿತುಕೊಳ್ಳಬಹುದಿತ್ತು. 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಮೊದಲ ಮಾರುತಿ ಕಾರು ಮಾಲೀಕನ ಕೈ ಸೇರಿತು. ಸಣ್ಣದು, ಹಗುರವಾದದ್ದು, ಎತ್ತರದಲ್ಲಿಯೂ ಒಂದು ಗೇಣಿನಷ್ಟು ಕಡಿಮೆ. ಹಿರಿಯರು ಅದರಲ್ಲಿ ಏರುವ ಬದಲು ಇಳಿಯತೊಡಗಿದರು. 1998ರಲ್ಲಿ ಬಂದ ಸ್ಯಾಂಟ್ರೋ ಮಾಡನ್ನು ಮತ್ತೆ ಎತ್ತರಿಸಿತು, ಜನ ಮೆಚ್ಚಿದರು. ಆದರೂ ನಮ್ಮ ಕಡೆಯ ಮುದುಕರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆಟೋರಿಕ್ಷಾ. ನೆಲ ತಗ್ಗು, ಆಸನ ಕುರ್ಚಿಯ ಮಟ್ಟ, ಹಿಡಿಯಲು ಗಟ್ಟಿಯಾದ ಸರಳು. ಬಾಗಿಲೇ ಇಲ್ಲವಾದ್ದರಿಂದ ಬಾಗಿಲ ತೊಂದರೆಯೂ ಇಲ್ಲ!

ಹಾಗಾದರೆ ಕೆಲವರು ಬೇಕೆಂದೇ ಇಷ್ಟು ತಗ್ಗಾದ ಕಾರನ್ನು ಏಕೆ ಮಾಡುತ್ತಾರೆ? ನಮ್ಮ ಚಕ್ಕಡಿಯೇ ಉತ್ತರ ಹೇಳುತ್ತದೆ. ಹೊಟ್ಟು ಎತ್ತರಕ್ಕೆ ಹೇರಿದ ಬಂಡಿ ತಿರುವಿನಲ್ಲಿ ಉರುಳುತ್ತದೆ. ಕಲ್ಲು ಹೇರಿದ ಬಂಡಿ ಉರುಳುವುದಿಲ್ಲ. ಗುರುತ್ವಕೇಂದ್ರ ನೆಲಕ್ಕೆ ಹತ್ತಿರವಾದಷ್ಟು ಕಾರು ತಿರುವಿನಲ್ಲಿ ಭದ್ರವಾಗಿ ನಿಲ್ಲುತ್ತದೆ. ಮಾಡು ತಗ್ಗಿದಷ್ಟು ಗಾಳಿಯ ತಡೆ ಕಡಿಮೆಯಾಗುತ್ತದೆ. ಫೋರ್ಡ್ ಕಂಪನಿಯು 1964ರಲ್ಲಿ ಮಾಡಿದ ಒಂದು ಪಂದ್ಯದ ಕಾರಿಗೆ ಜಿಟಿ 40 ಎಂದೇ ಹೆಸರು ನಿಂತಿತು. ಆ 40 ಎಂಬುದು ಅದರ ಎತ್ತರದ ಅಂಗುಲಗಳ ಲೆಕ್ಕ. ಫ್ರಾನ್ಸಿನ ಲ ಮಾನ್‌ನ 24 ತಾಸುಗಳ ಪಂದ್ಯವನ್ನು ಆ ಕಾರು 1966ರಿಂದ 1969ರವರೆಗೆ ಸತತ ನಾಲ್ಕು ವರ್ಷ ಗೆದ್ದಿತು. ಜರ್ಮನಿಯ ಮರ್ಸಿಡಿಸ್ 1954ರಲ್ಲಿ ತಂದ 300 ಎಸ್‌ಎಲ್ ಕಾರಿನಲ್ಲಿ ಕೊಳವೆಗಳ ಚೌಕಟ್ಟು ಪಕ್ಕದಲ್ಲಿ ಬಹಳ ಎತ್ತರಕ್ಕೆ ಬಂದಿತ್ತು. ಸಾಮಾನ್ಯ ಬಾಗಿಲಿಗೆ ಜಾಗವಿಲ್ಲದೆ, ಮಾಡಿನಿಂದ ಹಕ್ಕಿಯ ರೆಕ್ಕೆಯಂತೆ ಮೇಲೇಳುವ ಬಾಗಿಲುಗಳನ್ನು ಇಟ್ಟರು. ಕಾಲು ತೂರಿಸಲು ಅನುಕೂಲವಾಗಲೆಂದು ಸ್ಟಿಯರಿಂಗ್ ಚಕ್ರವನ್ನೇ ಮಡಚುವಂತೆ ಮಾಡಿದರು. ನೋಡಿ, ಅಂಥ ಶ್ರೀಮಂತರ ಕಾರಿನಲ್ಲಿಯೂ ಹತ್ತುವ ಇಳಿಯುವ ಕಷ್ಟ ಇತ್ತು, ಮತ್ತು ಅದಕ್ಕೆ ಯಂತ್ರಶಿಲ್ಪಿಗಳು ತಲೆ ಕೆಡಿಸಿಕೊಂಡಿದ್ದರು. ಬಸ್ಸಿನ ಮುಂದೆ ನಿಂತ ಮುದುಕಿಗಾಗಿ ಯಾರೂ ಹಾಗೆ ತಲೆ ಕೆಡಿಸಿಕೊಂಡಿರಲಿಲ್ಲ.

ದರ್ಶನ ಮುಗಿಸಿ ಹೊರಗೆ ಬಂದೆವು. ಕಾರಿನ ಬಾಗಿಲನ್ನು ತೆರೆದು ಹುಡುಗನು ಆತಂಕದಿಂದ, “ಸರ, ಆಟೋ ಕರೀಲೇನ್ರಿ?” ಎಂದನು. “ತಡಿಯೋ” ಎಂದೆನು. ಆಸನವನ್ನು ಪೂರ್ತಿ ಹಿಂದಕ್ಕೆ ಸರಿಸಲು ಹೇಳಿದೆನು. ಕಾರಿಗೆ ಬೆನ್ನು ಮಾಡಿ, ಮೊಣಕಾಲ ಹಿಂಬದಿ ಹೊಸ್ತಿಲಿಗೆ ತಾಗುವವರೆಗೆ ಹಿಂದೆ ಸರಿದೆನು. ಬಾಗಿಲಿನ ಗೊಡವೆಗೆ ಹೋಗದೆ, ಒಂದು ಕೈಯಿಂದ ಮಾಡಿನ ಅಂಚನ್ನು ಹಿಡಿದು, ಇನ್ನೊಂದನ್ನು ಆಸನದ ಮೇಲೆ ಊರಿ, ತಲೆ ಬಗ್ಗಿಸಿ ನಿಧಾನವಾಗಿ ಕುಳಿತೆನು. ಆಮೇಲೆ ಧೋತರವನ್ನು ಒತ್ತಿ ಹಿಡಿದು, ಎರಡೂ ಮೊಣಕಾಲುಗಳನ್ನು ಜೋಡಿಸಿ ಒಳಗೆ ತಿರುಗಿದೆನು. ಅಷ್ಟೇ. ಟೊಪ್ಪಿಗೆ ತಲೆಯ ಮೇಲೆಯೇ ಇತ್ತು. ಹುಡುಗನು ಬೆರಗಾಗಿ, “ಇದನ್ನ ಎಲ್ಲಿ ಕಲತ್ರಿ ಸರ?” ಎಂದನು. ಲಕ್ಷ್ಮೇಶ್ವರದ ಚಕ್ಕಡಿಯಲ್ಲಿ ಎಂದು ಹೇಳಿದೆನು. ಅವನು ಅದನ್ನು ಹಾಸ್ಯವೆಂದುಕೊಂಡನು.

ಮನೆಯ ಮುಂದೆ ಇಳಿಯುವಾಗಲೂ ಅದೇ ಪಾಠ. ಮೊದಲು ಎರಡೂ ಕಾಲುಗಳು ಕೂಡಿ ಹೊರಗೆ ಬರಬೇಕು. ಆಸನದ ಅಂಚಿಗೆ ಸರಿಯಬೇಕು. ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು ನೆಲಕ್ಕೆ ಗಟ್ಟಿಯಾಗಿ ಊರಬೇಕು. ಕೈಗಳು ಆಸನವನ್ನೂ ಹೊಸ್ತಿಲನ್ನೂ ಕೆಳಗೆ ಒತ್ತಬೇಕು. ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದೆ ಬಾಗಿದರೆ ಭಾರ ತಾನೇ ಪಾದಕ್ಕೆ ಬರುತ್ತದೆ, ಸೊಂಟ ತಾನೇ ಏಳುತ್ತದೆ. ಹಿಂದಕ್ಕೆ ವಾಲಿಕೊಂಡೇ ಏಳಲು ಹೋದರೆ ಯಾರು ಜಗ್ಗಿದರೂ ಏಳಲಾಗದು, ಭುಜ ಮಾತ್ರ ಉಳುಕುತ್ತದೆ. ಕಾರನ್ನು ಗೋಡೆಯಿಂದ ದೂರ ನಿಲ್ಲಿಸಿದರೆ ಬಾಗಿಲು ಪೂರ್ತಿ ತೆರೆಯುತ್ತದೆ. ನೆಲ ಸಮನಾಗಿರಲಿ. ಅಂಬಾಸಿಡರಿಗೆ ಅನುಕೂಲವಾಗಿದ್ದ ನಮ್ಮ ಕಟ್ಟೆ ಇಂಥ ಕಾರಿಗೆ ವೈರಿ. ಅದರ ಮೇಲಿನಿಂದ ಇಳಿದರೆ ಆಸನ ಇನ್ನೂ ಪಾತಾಳಕ್ಕೆ ಹೋಗುತ್ತದೆ. ಕುರ್ಚಿಯ ಎತ್ತರ ಒಂದು ಮೊಳ. ಆಸನ ಅದಕ್ಕಿಂತ ತಗ್ಗಿದ್ದರೆ ಮೊಣಕಾಲಿಗೆ ಕೆಲಸ ಹೆಚ್ಚು; ಅಲ್ಲಿ ಕೈಗಳ ಸಹಾಯ ಬೇಕೇ ಬೇಕು. ನೆಲದ ಮೇಲೆ ಕಂಬಳಿ ಹಾಸಿ ಉಂಡು ಏಳುತ್ತಿದ್ದ ಕಾಲದಲ್ಲಿ ನಮ್ಮ ತೊಡೆಗಳು ಇದನ್ನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದವು. ಕುರ್ಚಿ ಬಂದ ಮೇಲೆ ಆ ಅಭ್ಯಾಸ ತಪ್ಪಿತು. ಈಗ ನಾನು ಬೆಳಿಗ್ಗೆ ಗಟ್ಟಿಯಾದ ಕುರ್ಚಿಯ ಮೇಲಿಂದ ಹತ್ತು ಸಲ ನಿಧಾನವಾಗಿ ಎದ್ದು ಕೂಡುತ್ತೇನೆ. ಮೊಣಕಾಲು ಮೊದಲಿಗಿಂತ ಮಾತು ಕೇಳುತ್ತಿದೆ.

ಚಕ್ಕಡಿ ಎತ್ತರ, ಈ ಕಾರು ತಗ್ಗು. ಆದರೂ ಎರಡಕ್ಕೂ ಒಂದೇ ನಿಯಮ: ಮೊದಲು ಕೂಡು, ಆಮೇಲೆ ಕಾಲು. ಅವ್ವನಿಗೆ ಅದು ಗೊತ್ತಿತ್ತು. ಅವಳಿಗೆ ಗೊತ್ತಿದ್ದ ವಿದ್ಯೆಗೆ ಬಸ್ಸಿನ ಬಾಗಿಲಲ್ಲಿ ಜಾಗವಿರಲಿಲ್ಲ. ಅದನ್ನು ನಾನು ಅವಳ ದೌರ್ಬಲ್ಯವೆಂದು ತಿಳಿದೆನು, ಹಟವೆಂದು ತಿಳಿದೆನು. ಇತಿಹಾಸ ಕಲಿಸುವವನಾಗಿ ರಾಜರ, ಸಂಸ್ಥಾನಗಳ ಏಳುಬೀಳುಗಳನ್ನು ನಿಮಗೆ ಬಾಯಿಪಾಠ ಮಾಡಿಸಿದೆನು. ನನ್ನ ಮನೆಯವಳೇ ಏಕೆ ಪ್ರಯಾಣವನ್ನು ಬಿಟ್ಟಳೆಂಬ ಒಂದು ಕಾರಣವನ್ನು ನಲವತ್ತು ವರ್ಷ ಕೇಳಲಿಲ್ಲ.

ಕಾಲ ಸುಧಾರಿಸುತ್ತಿದೆ ಎಂಬುದೂ ನಿಜ. ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸುಗಳಿಗೆ ನಿಲ್ದಾಣದ ನೆಲವನ್ನು ಬಸ್ಸಿನ ನೆಲದ ಮಟ್ಟಕ್ಕೆ ಎತ್ತರಿಸಿ ಕಟ್ಟಿದರು. ಮೊದಲ ಸಲ ಅದನ್ನು ಹತ್ತಿದಾಗ ನನಗೆ ನಮ್ಮ ಮನೆಯ ಕಟ್ಟೆ, ಮಾವನ ಚಕ್ಕಡಿ ನೆನಪಾದವು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ದುಡ್ಡಿಲ್ಲದೆ ಪ್ರಯಾಣ ದೊರೆತಿದೆ. ಬಹಳ ಸಂತೋಷದ ಸಂಗತಿ. ಆದರೆ ನಿಲ್ದಾಣದಲ್ಲಿ ಕುಳಿತು ನೋಡಿರಿ: ಟಿಕೀಟಿನ ದುಡ್ಡು ಹೋದರೂ ಮೆಟ್ಟಿಲಿನ ದಂಡವನ್ನು ಮೊಣಕಾಲಿನಿಂದ ಕೊಡುವ ಮುದುಕಿಯರು ಇನ್ನೂ ಇದ್ದಾರೆ.

ನಿಮ್ಮಲ್ಲಿ ಅನೇಕರು ಈಗ ಕಾರುಗಳ ಮಾಲೀಕರು. ತಗ್ಗು ಕಾರನ್ನು ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಆ ಕೆಂಪು ಕಾರಿನ ಓಟ ನನಗೂ ಬಹಳ ಹಿಡಿಸಿತು. ತಂದೆತಾಯಿಗಳನ್ನು ಹತ್ತಿಸುವಾಗ ಮಾತ್ರ ಸ್ವಲ್ಪ ತಾಳ್ಮೆಯಿರಲಿ. ಕೈ ಜಗ್ಗಬೇಡಿರಿ, ನಿಮ್ಮ ಮುಂಗೈಯನ್ನು ಗಟ್ಟಿಯಾಗಿ ಚಾಚಿ ನಿಲ್ಲಿರಿ, ಬೇಕಾದರೆ ಅವರೇ ಹಿಡಿದುಕೊಳ್ಳುತ್ತಾರೆ. ತಲೆ ತಾಗದಂತೆ ಮಾಡಿನ ಅಂಚಿಗೆ ಅಂಗೈ ಇಡಿರಿ. ಬಸ್ಸಿನ ಬಾಗಿಲಲ್ಲಿ ಯಾರಾದರೂ ಹಿರಿಯರು ತಡಮಾಡಿದರೆ, ಹಿಂದಿನವರಿಗೆ ನೀವೇ ಸ್ವಲ್ಪ ಅಡ್ಡ ನಿಲ್ಲಿರಿ. ಮತ್ತು ನಾನು ಅಂದ ಆ ‘ಲಗೂ’ ಎಂಬ ಮಾತನ್ನು ಎಂದಿಗೂ ಆಡಬೇಡಿರಿ.

ಹುಡುಗನು ಹೊರಡುವಾಗ, ಬರುವ ಪಂಚಮಿಗೆ ಮತ್ತೆ ಬರುವೆನೆಂದು ಹೇಳಿದ್ದಾನೆ. ಬಂದರೆ ಲಕ್ಷ್ಮೇಶ್ವರಕ್ಕೆ ಹೋಗಿಬರುವ ವಿಚಾರವಿದೆ. ಮಾವನ ಮನೆಯಲ್ಲಿ ಈಗ ಅವನ ಮೊಮ್ಮಕ್ಕಳಿದ್ದಾರೆ. ಮುಳಗುಂದದಲ್ಲಿ ಬುತ್ತಿ ಬಿಚ್ಚೋಣವೆಂದು ಹೇಳಿದ್ದೇನೆ.